ಹಾಳೆ ತೋರಿಸಿದ ವಕೀಲರು, ಫೋನ್ ಎತ್ತದ ವಕೀಲರು

ನನ್ನ ಆಕ್ಸಿಡೆಂಟ್ ಕೇಸು ನಡೆಸಿದ ವಕೀಲರಿಗೆ ಐದಕ್ಕೆ ಮೂರೂವರೆ. ತಲೆಬರಹದಲ್ಲಿರುವ ಇಬ್ಬರೂ ಒಬ್ಬರೇ, ಅದಕ್ಕೇ ಈ ಅಂಕ.

ಹೆಸರು ಬರೆಯುವುದಿಲ್ಲ. ವಕೀಲರು ಪ್ರಚಾರ ಮಾಡಿಕೊಳ್ಳಬಾರದು ಅಂತ ಬಾರ್ ಕೌನ್ಸಿಲ್ ನಿಯಮ ಇದೆ. ನಾನು ಹೊಗಳಿದ್ದನ್ನು ಅವರೇ ಬರೆಸಿದ್ದು ಅಂತ ಯಾರಾದರೂ ಅಂದುಕೊಂಡಾರು. ಬೈದದ್ದನ್ನು ಓದಿ ಅವರು ಬೇಜಾರು ಮಾಡಿಕೊಂಡಾರು. ಎರಡೂ ಬೇಡ. ಆಕ್ಸಿಡೆಂಟ್ ಕೇಸಿಗೆ ವಕೀಲರನ್ನು ಹುಡುಕುತ್ತಿದ್ದೀರಾ? ಅವರ ಹತ್ತಿರ ಏನು ಕೇಳಬೇಕು ಅನ್ನುವುದಷ್ಟು ಇದರಿಂದ ಗೊತ್ತಾದರೆ ಸಾಕು.

ನಾನು ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಬ್ಲೌಸು, ಚೂಡಿದಾರ, ಸೀರೆಗೆ ಫಾಲು, ಕುಚ್ಚು. 2022ರ ಆಗಸ್ಟ್‌ನಲ್ಲಿ ತಮ್ಮನ ಸ್ಕೂಟರಿನ ಹಿಂದೆ ಕೂತು ಹೋಗುತ್ತಿದ್ದೆ. ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ಒಂದು ಸರಕು ಗಾಡಿ ಬಂದು ಗುದ್ದಿತು. ತಮ್ಮನಿಗೆ ಮೊಣಕೈ ತರಚಿತು, ಅಷ್ಟೇ. ನನ್ನ ಬಲಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿಯಿತು. ಆಪರೇಷನ್ ಮಾಡಿ ರಾಡ್ ಹಾಕಿದರು. ಆಸ್ಪತ್ರೆ, ಔಷಧಿ ಎಲ್ಲಾ ಸೇರಿ 1,38,400 ರೂಪಾಯಿ. ಬಳೆ ಅಡ ಇಟ್ಟು ಕಟ್ಟಿದೆವು.

ವಾರ್ಡಿಗೆ ಮೊದಲು ಬಂದವನು ಒಬ್ಬ ದಲ್ಲಾಳಿ. ಕೈಯಲ್ಲಿ ಎಳನೀರು ಬೇರೆ. "ಅಕ್ಕಾ, ನೀವು ಒಂದು ರೂಪಾಯಿ ಕೊಡಬೇಡಿ. ವಕೀಲರು ನಮ್ಮವರೇ. ಬಂದ ದುಡ್ಡಲ್ಲಿ ಮೂವತ್ತು ಪರ್ಸೆಂಟ್ ಕೊಟ್ಟರೆ ಸಾಕು" ಅಂದ. ಕೇಸಿನ ಹಣದಲ್ಲಿ ಪಾಲು ಕೇಳುವುದಕ್ಕೆ ವಕೀಲರಿಗೆ ಅವಕಾಶವೇ ಇಲ್ಲ, ಗೆದ್ದರೆ ಇಷ್ಟು ಅಂತ ಫೀಸು ಗೊತ್ತುಮಾಡುವುದೂ ನಿಯಮಕ್ಕೆ ವಿರುದ್ಧ ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ಆ ಹೊತ್ತಿಗೆ ಗೊತ್ತಿದ್ದದ್ದು ಎಳನೀರು ತಣ್ಣಗಿದೆ ಅನ್ನುವುದಷ್ಟೇ. ಕೇಸು ನಡೆಸಲು ವಕೀಲರಿಗೆ ಅಧಿಕಾರ ಕೊಡುವ ವಕಾಲತ್ತು ಪತ್ರ, ಅದನ್ನು ಖಾಲಿ ಇಟ್ಟು ಸಹಿ ಕೇಳಿದ. ಬಲಗೈಗೆ ಡ್ರಿಪ್ ಹಾಕಿದ್ದರು, ಹಾಗಾಗಿ ತಪ್ಪಿತು.

ಎರಡನೆಯವರು ಗುದ್ದಿದ ಗಾಡಿಯ ಇನ್ಶೂರೆನ್ಸ್ ಕಡೆಯವರು. ತುಂಬಾ ಮರ್ಯಾದೆಯ ಮನುಷ್ಯ. ಮನೆಗೇ ಬಂದರು, ಚಪ್ಪಲಿ ಹೊರಗೆ ಬಿಟ್ಟರು, ಕಾಫಿ ಕುಡಿದರು. "ಕೋರ್ಟು ಕಚೇರಿ ಯಾಕೆ ಮೇಡಂ, ಎರಡೂವರೆ ಲಕ್ಷ ಕೊಡಿಸುತ್ತೇನೆ, ಒಂದೇ ಸಹಿ" ಅಂದರು. ಖರ್ಚಾಗಿದ್ದು 1,38,400. ಬರುವುದು 2,50,000. ಲಾಭವೇ ಅಲ್ವಾ ಅಂತ ನಾನು ಪೆನ್ನು ಹುಡುಕಿದೆ. ನಮ್ಮ ಅತ್ತಿಗೆ ಪೆನ್ನು ಕೊಡಲಿಲ್ಲ. "ಕಾಲಿನ ಬ್ಯಾಂಡೇಜೇ ಬಿಚ್ಚಿಲ್ಲ, ಸಹಿ ಯಾಕೆ ಅಷ್ಟು ಅರ್ಜೆಂಟು?" ಅಂತ ಅವರೆದುರಿಗೇ ಕೇಳಿದರು. ಈ ವಕೀಲರ ವಿಳಾಸ ತಂದುಕೊಟ್ಟದ್ದೂ ಅತ್ತಿಗೆಯೇ.

ಅವರ ಆಫೀಸು ಜೆರಾಕ್ಸ್ ಅಂಗಡಿಯ ಮೇಲೆ, ಹದಿನೆಂಟು ಮೆಟ್ಟಿಲು. ಕಾಲು ಮುರಿದವರೇ ಹೆಚ್ಚಾಗಿ ಬರುವ ಆಫೀಸನ್ನು ಮಹಡಿಯ ಮೇಲೆ ಇಟ್ಟುಕೊಂಡಿದ್ದಾರೆ. ಇದಕ್ಕೇ ಕಾಲು ಅಂಕ ಕಳೆದಿದ್ದೇನೆ. ಆದರೆ ಆವತ್ತು ವಕೀಲರೇ ಕೆಳಗೆ ಇಳಿದು ಬಂದು ಆಟೋದಲ್ಲೇ ಪಕ್ಕ ಕೂತು ಮಾತಾಡಿದರು, ಅದನ್ನೂ ಹೇಳಬೇಕು.

ಎರಡೂವರೆ ಲಕ್ಷ ಅಂದ ಕೂಡಲೇ ನಕ್ಕರು. "ಅಮ್ಮಾ, ಅದು ಅವರು ದೊಡ್ಡ ಮನಸ್ಸು ಮಾಡಿ ಕೊಡುತ್ತಿರುವುದಲ್ಲ. ತಪ್ಪು ಯಾರದು ಅಂತ ಯಾರೂ ಸಾಬೀತು ಮಾಡದೇ ಹೋದರೂ ಕಾನೂನೇ ಕೊಡುವ ಹಣ ಅದು." ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆಯಿತು. ಅದರ ಸೆಕ್ಷನ್ 164ರ ಪ್ರಕಾರ ಸತ್ತವರ ಮನೆಯವರಿಗೆ 5 ಲಕ್ಷ, ತೀವ್ರ ಗಾಯವಾದವರಿಗೆ ಎರಡೂವರೆ ಲಕ್ಷ. ಪರಿಹಾರದ ಈ ಭಾಗ ಜಾರಿಗೆ ಬಂದದ್ದು 2022ರ ಏಪ್ರಿಲ್ 1ರಿಂದ, ನನ್ನ ಕಾಲು ಮುರಿಯುವುದಕ್ಕೆ ನಾಲ್ಕು ತಿಂಗಳ ಹಿಂದೆ. ಮೂಳೆ ಮುರಿದರೆ ಅದು ತೀವ್ರ ಗಾಯದ ಲೆಕ್ಕವೇ. ಆ ಸೆಕ್ಷನ್ನಿನಲ್ಲಿ ಹಣ ಒಪ್ಪಿಕೊಂಡರೆ ಮುಗಿಯಿತು, ಆಮೇಲೆ ಕೇಸು ನಿಲ್ಲುವುದಿಲ್ಲ. ಮರ್ಯಾದೆಯ ಮನುಷ್ಯ ಈ ಕೊನೆಯ ಮಾತನ್ನು ಕಾಫಿಯ ಜೊತೆ ನುಂಗಿಕೊಂಡಿದ್ದರು. ಹಾಗಂತ ಅವರು ಸುಳ್ಳೂ ಹೇಳಿರಲಿಲ್ಲ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಆಮೇಲೆ ವಕೀಲರು ಒಂದು ಬಿಳಿ ಹಾಳೆ ತೆಗೆದು ಮಧ್ಯಕ್ಕೆ ಗೆರೆ ಎಳೆದರು. ಎಡಗಡೆ ಬಾಬತ್ತು, ಬಲಗಡೆ ಮೊತ್ತ. ನಾನು ಕಸ್ಟಮರಿಗೆ ಚೀಟಿ ಬರೆದುಕೊಡುವ ಹಾಗೇ: ಲೈನಿಂಗ್ ಇಷ್ಟು, ಹೊಲಿಗೆ ಇಷ್ಟು, ಕುಚ್ಚು ಇಷ್ಟು. ಪರಿಹಾರ ಅಂದರೆ ಜಡ್ಜು ಮುಖ ನೋಡಿ ಹೇಳುವ ಒಂದು ಮೊತ್ತ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಆಸ್ಪತ್ರೆ ಖರ್ಚು ಒಂದು ಸಾಲು. ಮಲಗಿದ್ದಾಗ ತಪ್ಪಿದ ದುಡಿಮೆ ಒಂದು ಸಾಲು. ಓಡಾಟ, ಒಳ್ಳೆಯ ಊಟ, ನೋಡಿಕೊಂಡವರ ಖರ್ಚು ಒಂದು. ಮುಂದೆ ರಾಡ್ ತೆಗೆಸುವುದಕ್ಕೆ ಒಂದು. ನೋವಿಗೆ ಒಂದು ಸಾಲು ಇದೆ ಅಂದಾಗ ನನಗೆ ನಗು ಬಂತು, ನೋವಿಗೆ ಯಾರಾದರೂ ರೇಟು ಹಾಕುತ್ತಾರಾ? ಹಾಕುತ್ತಾರೆ. ನೆಲದ ಮೇಲೆ ಕೂರಲಾಗದು, ಜಾತ್ರೆಯಲ್ಲಿ ನಡೆಯಲಾಗದು, ಇಂಥ ಕಳೆದುಕೊಂಡ ಸುಖಗಳಿಗೂ ಬೇರೆ ಸಾಲು. ಎಲ್ಲಕ್ಕಿಂತ ದೊಡ್ಡದು ಕೊನೆಯ ಸಾಲು: ಊನದಿಂದ ಮುಂದಿನ ವರ್ಷಗಳಲ್ಲಿ ತಪ್ಪುವ ಸಂಪಾದನೆ. ಅದನ್ನು ಆವತ್ತು ಖಾಲಿ ಬಿಟ್ಟರು. "ಮೂಳೆ ಕೂಡುವ ತನಕ ಇದು ತುಂಬುವುದಿಲ್ಲ. ಇದು ತುಂಬುವ ತನಕ ಯಾವ ರಾಜಿಗೂ ಸಹಿ ಹಾಕಬೇಡಿ."

ಆದರೆ ಸುಮ್ನೆ ಕೂರುವ ಹಾಗೂ ಇಲ್ಲ. ಅಪಘಾತವಾಗಿ ಆರು ತಿಂಗಳ ಒಳಗೆ ಅರ್ಜಿ ಹಾಕಬೇಕು ಅಂತ ಅದೇ ತಿದ್ದುಪಡಿ ಹೇಳುತ್ತದೆ. ಅರ್ಜಿಗೆ ಅವಸರ, ರಾಜಿಗೆ ತಾಳ್ಮೆ. ನನ್ನ ಅರ್ಜಿಯನ್ನು 2023ರ ಜನವರಿಯಲ್ಲಿ ಹಾಕಿದರು. ಎಫ್‌ಐಆರ್, ಮಹಜರು, ವೂಂಡ್ ಸರ್ಟಿಫಿಕೇಟು, ಡಿಸ್ಚಾರ್ಜ್ ಸಮ್ಮರಿ, ಬಿಲ್ಲುಗಳು, ಇವಿಷ್ಟನ್ನು ಅವರ ಜೂನಿಯರ್ ಹುಡುಗಿಯೇ ಓಡಾಡಿ ಜೋಡಿಸಿದಳು. ಆ ಹುಡುಗಿಗೆ ಐದಕ್ಕೆ ಐದು.

ಸಂಪಾದನೆಯ ಸಾಲಿಗೆ ಬಂದಾಗ ಪೇಚಾಟ ಶುರುವಾಯಿತು. ಸಂಬಳದ ಚೀಟಿ ಇಲ್ಲ, ಐಟಿ ರಿಟರ್ನ್ ಇಲ್ಲ. ಇನ್ಶೂರೆನ್ಸಿನವರು ತಿಂಗಳಿಗೆ 9,000 ಅಂದರು. ಸೀಸನ್ನಿನಲ್ಲಿ ನಾನು ಅದನ್ನು ಹತ್ತು ದಿನದಲ್ಲಿ ಹೊಲಿಯುತ್ತೇನೆ. ವಕೀಲರು "ಲೆಕ್ಕದ ಪುಸ್ತಕ ಇಟ್ಟಿದ್ದೀರಾ?" ಅಂದರು. ಇಲ್ಲ ಅಂದೆ. ಆಮೇಲೆ ನೆನಪಾಯಿತು, ಅಳತೆ ಪುಸ್ತಕ ಇದೆಯಲ್ಲ! ಯಾರದು, ಎದೆ ಎಷ್ಟು, ತೋಳು ಎಷ್ಟು, ಯಾವತ್ತು ಕೊಡಬೇಕು, ಅಡ್ವಾನ್ಸ್ ಎಷ್ಟು, ಬಾಕಿ ಎಷ್ಟು. ನಾಲ್ಕು ವರ್ಷದ ಏಳು ಪುಸ್ತಕ. ಬೀದಿಯ ಹೆಂಗಸರ ಅಳತೆಯೆಲ್ಲಾ ಕೋರ್ಟಿಗೆ ಹೋಗುತ್ತದೆ ಅಂತ ನನಗೆ ಒಂದು ರಾತ್ರಿ ನಿದ್ದೆ ಬರಲಿಲ್ಲ. ಕೊನೆಗೆ ಹೆಸರು, ಅಳತೆ ಇರುವ ಕಡೆ ಕಾಗದ ಮುಚ್ಚಿ, ತಾರೀಖು ಮತ್ತು ಹಣ ಮಾತ್ರ ಕಾಣುವ ಹಾಗೆ ಜೆರಾಕ್ಸ್ ಮಾಡಿಸಿದೆವು. ಯಾವ ದಾಖಲೆಯೂ ಇಲ್ಲದವರಿಗೆ, ಕೇಸುಗಳನ್ನು ರಾಜಿಯಲ್ಲಿ ಮುಗಿಸುವ ಲೋಕ ಅದಾಲತ್‌ನಲ್ಲಿ ವರ್ಷವಾರು ಒಂದು ಅಂದಾಜು ಆದಾಯದ ಪಟ್ಟಿಯನ್ನೂ ಬಳಸುತ್ತಾರೆ. ಅದನ್ನೂ ಇದನ್ನೂ ಸೇರಿಸಿ ನೋಡಿ ನನ್ನ ಹಾಳೆಯಲ್ಲಿ ತಿಂಗಳಿಗೆ 15,000 ಅಂತ ಬರೆದರು. ನಿಜವಾದ ದುಡಿಮೆಗಿಂತ ಕಡಿಮೆಯೇ. ಆದರೆ 9,000 ಅಲ್ಲ.

ಈಗ ಆ ಖಾಲಿ ಸಾಲು. ಇದನ್ನು ನಿಧಾನವಾಗಿ ಓದಿ.

ಅಪಘಾತವಾದಾಗ ನನಗೆ 38 ವರ್ಷ. ಸುಪ್ರೀಂ ಕೋರ್ಟ್ 2009ರಲ್ಲಿ ಸರಳಾ ವರ್ಮಾ ಪ್ರಕರಣದಲ್ಲಿ ವಯಸ್ಸಿಗೊಂದು ಗುಣಕ, ಅಂದರೆ ವರ್ಷದ ಆದಾಯವನ್ನು ಎಷ್ಟರಿಂದ ಗುಣಿಸಬೇಕು ಅನ್ನುವುದನ್ನು, ಗೊತ್ತುಮಾಡಿದೆ. 15ರಿಂದ 25 ವರ್ಷದವರಿಗೆ 18, 36ರಿಂದ 40ರವರಿಗೆ 15, ಹಾಗೇ ಇಳಿಯುತ್ತಾ 65 ದಾಟಿದವರಿಗೆ 5. ನಾನು ಅರವತ್ತರ ತನಕ ಹೊಲಿದರೂ 22 ವರ್ಷ ಆಯಿತಲ್ಲ, 15 ಯಾಕೆ ಅಂದೆ. "22 ವರ್ಷದ್ದನ್ನು ಇವತ್ತೇ ಒಟ್ಟಿಗೆ ಕೊಡುತ್ತಾರೆ, ಬ್ಯಾಂಕಿನಲ್ಲಿಟ್ಟರೆ ಬಡ್ಡಿ ಬರುತ್ತದೆ. ಅಷ್ಟು ವರ್ಷ ಎಲ್ಲರೂ ಗಟ್ಟಿಯಾಗಿ ದುಡಿಯುತ್ತಾರೆ ಅಂತಲೂ ಇಲ್ಲ. ಅದಕ್ಕೇ ಇಳಿಸುತ್ತಾರೆ" ಅಂದರು. ಸರಿ. 15,000ವನ್ನು 12 ತಿಂಗಳಿಗೆ, ಅದನ್ನು 15ಕ್ಕೆ ಗುಣಿಸಿದರೆ 27 ಲಕ್ಷ. ನನ್ನ ಕಣ್ಣು ಅಗಲವಾಯಿತು. "ತಾಳಿ ಅಮ್ಮಾ, ಇದರಲ್ಲಿ ನಿಮ್ಮ ಊನ ಎಷ್ಟು ಪರ್ಸೆಂಟೋ ಅಷ್ಟೇ."

ಡಾಕ್ಟರು ಕಾಲಿನ ಊನ 36 ಪರ್ಸೆಂಟ್ ಅಂತ ಕೊಟ್ಟಿದ್ದರು. ಇಡೀ ದೇಹಕ್ಕೆ ಅಂದರೆ ಅದರ ಮೂರನೇ ಒಂದು ಪಾಲು, 12. ನಮ್ಮ ಕಡೆ ಕೋರ್ಟುಗಳಲ್ಲಿ ಹೀಗೆ ಮೂರರಿಂದ ಭಾಗಿಸುವುದು ರೂಢಿ. 27 ಲಕ್ಷದಲ್ಲಿ 12 ಪರ್ಸೆಂಟ್ ಅಂದರೆ 3,24,000. ವಕೀಲರು ಅದನ್ನೇ ಬರೆದು ಪೆನ್ನು ಮುಚ್ಚಿದರು.

ನನ್ನ ಅಂಕ ಮುಖ್ಯವಾಗಿ ಕಡಿತವಾದದ್ದು ಇಲ್ಲಿ. ಒಂದೂವರೆ ವರ್ಷದಲ್ಲಿ ಅವರು ನನ್ನನ್ನು ಎಷ್ಟೋ ಪ್ರಶ್ನೆ ಕೇಳಿದ್ದರು. ಮಿಷನ್ ಯಾವ ಕಾಲಲ್ಲಿ ತುಳಿಯುತ್ತೀರಿ ಅಂತ ಕೇಳಿರಲಿಲ್ಲ. ನಾನೇ ಹೇಳಿದೆ: "ಸಾರ್, ನನ್ನದು ತುಳಿಯುವ ಮಿಷನ್ನು. ಬಲಗಾಲು ಮುಂದೆ. ಈಗ ಅರ್ಧ ಗಂಟೆ ತುಳಿದರೆ ಪಾದ ಊದುತ್ತದೆ. ಕಟಿಂಗಿಗೆ ನಿಂತೇ ಇರಬೇಕು, ಅದಂತೂ ಆಗುವುದೇ ಇಲ್ಲ." ಅವರು ಪೆನ್ನು ಮತ್ತೆ ತೆಗೆದರು. ಮುಖ ಸ್ವಲ್ಪ ಸಪ್ಪಗಾಗಿತ್ತು.

ದೇಹದ ಊನ ಬೇರೆ, ದುಡಿಮೆಯ ಊನ ಬೇರೆ. 2010ರಲ್ಲಿ ಸುಪ್ರೀಂ ಕೋರ್ಟ್ ರಾಜ್ ಕುಮಾರ್ ಪ್ರಕರಣದಲ್ಲಿ ಇದಕ್ಕೆ ಒಂದು ಉದಾಹರಣೆ ಕೊಟ್ಟಿದೆಯಂತ ಆವತ್ತು ಅವರೇ ವಿವರಿಸಿದರು. ಇಬ್ಬರ ಎಡಗೈ ಹೋಗಿದೆ ಅಂದುಕೊಳ್ಳಿ. ಒಬ್ಬ ಡ್ರೈವರೋ ಬಡಗಿಯೋ ಆಗಿದ್ದರೆ ಅವನ ದುಡಿಮೆ ಹೆಚ್ಚುಕಮ್ಮಿ ಪೂರ್ತಿ ಹೋದ ಹಾಗೆ. ಇನ್ನೊಬ್ಬ ಸರ್ಕಾರಿ ಗುಮಾಸ್ತ ಆಗಿದ್ದರೆ ಅವನ ಕೆಲಸ ಉಳಿಯಬಹುದು. ಕೈ ಒಂದೇ, ಲೆಕ್ಕ ಬೇರೆ. ಹಾಗೆ ನೋಡಿದರೆ ಟೈಲರಿನ ಬಲಗಾಲಿಗೆ 12 ಪರ್ಸೆಂಟ್ ಯಾವ ನ್ಯಾಯ? 12ನ್ನು ಹೊಡೆದುಹಾಕಿ 18 ಬರೆದರು, ಸ್ವಲ್ಪ ಯೋಚಿಸಿ "ರಾಜಿಗೆ ಕೂತರೆ 15 ಹಿಡಿಯೋಣ" ಅಂದರು. 4,05,000. ನನ್ನ ಲೆಕ್ಕದಲ್ಲಿ ಒಂದೊಂದು ಪರ್ಸೆಂಟೂ 27,000 ರೂಪಾಯಿ. ಬಾಯಿ ಬಿಟ್ಟದ್ದಕ್ಕೆ 81,000 ಜಾಸ್ತಿ ಆಯಿತು ಹಾಳೆಯಲ್ಲಿ.

ಪೆನ್ಸಿಲ್‌ನಲ್ಲಿ ಇನ್ನೊಂದು ಸಾಲೂ ಬರೆದಿದ್ದರು. 2017ರ ಪ್ರಣಯ್ ಸೇಠಿ ತೀರ್ಪಿನಲ್ಲಿ, ಸ್ವಂತ ಕೆಲಸ ಮಾಡುವವರಿಗೆ 40 ವರ್ಷದ ಒಳಗಿದ್ದರೆ ಮುಂದೆ ಹೆಚ್ಚಬಹುದಾದ ಆದಾಯಕ್ಕೆ ಅಂತ 40 ಪರ್ಸೆಂಟ್ ಸೇರಿಸಬೇಕು ಅಂತಿದೆ. ಅದು ಸಾವಿನ ಪ್ರಕರಣ. ಶಾಶ್ವತ ಊನದ ಕೇಸುಗಳಿಗೂ ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟ್ ಆಮೇಲೆ ಹೇಳಿದೆ. ನನಗೆ ಅದು 1,62,000. "ಇದಕ್ಕೆ ಇನ್ಶೂರೆನ್ಸಿನವರು ರಾಜಿಯಲ್ಲಿ ಒಪ್ಪುವುದಿಲ್ಲ, ವಾದ ಮಾಡಿಯೇ ತೆಗೆದುಕೊಳ್ಳಬೇಕು" ಅಂದರು. ಅದು ಪೆನ್ಸಿಲ್‌ನಲ್ಲೇ ಉಳಿಯಿತು.

ಫೋನಿನ ವಿಷಯ. ಎರಡು ವರ್ಷದಲ್ಲಿ ನಾನು ಮಾಡಿದ ಹತ್ತು ಕರೆಗೆ ಎರಡನ್ನು ಎತ್ತಿದ್ದಾರೆ. ವಾಯಿದೆಯ ದಿನ ಕುಂಟುತ್ತಾ ಹೋದರೆ "ಮುಂದಕ್ಕೆ ಹೋಯಿತು" ಅಂತ ಅಲ್ಲಿನ ಅಟೆಂಡರ್ ಹೇಳಿದ್ದು ಮೂರು ಸಲ. ಒಂದು ಮೆಸೇಜು ಹಾಕಿದ್ದರೆ ಮುನ್ನೂರು ರೂಪಾಯಿ ಆಟೋ ಉಳಿಯುತ್ತಿತ್ತು. ಫೀಸು ಮೊದಲೇ ಮಾತಾಡಿದ್ದು 40,000, ಅದರಲ್ಲಿ ಮೋಸ ಇಲ್ಲ. ಆದರೆ ಡಾಕ್ಟರು ಸಾಕ್ಷಿ ಹೇಳಲು ಬಂದದ್ದಕ್ಕೆ, ನಕಲುಗಳಿಗೆ, ಟೈಪಿಂಗಿಗೆ ಅಂತ ಮೇಲೆ 16,200 ಆಯಿತು. ಇದನ್ನು ಮೊದಲ ದಿನದ ಹಾಳೆಯಲ್ಲೇ ಬರೆಯಬಹುದಿತ್ತು. ನನಗೆ ಬರುವ ಹಣದ ಹಾಳೆ ಅಷ್ಟು ಚೆನ್ನಾಗಿ ಬರೆದವರು ನನ್ನಿಂದ ಹೋಗುವ ಹಣದ ಹಾಳೆ ಬರೆಯಲೇ ಇಲ್ಲ.

2024ರ ಡಿಸೆಂಬರಿನ ಲೋಕ ಅದಾಲತ್‌ಗೆ ಹೆಸರು ಹಾಕಿದರು. ಒಳಗೆ ಹೋಗುವ ಮುಂಚೆ ಕಾರಿಡಾರಿನಲ್ಲಿ ನಿಲ್ಲಿಸಿ ಹಾಳೆಯನ್ನು ಇನ್ನೊಂದು ಸಲ ಓದಿಸಿದರು. ಆಸ್ಪತ್ರೆ 1,38,400. ನಾಲ್ಕು ತಿಂಗಳ ದುಡಿಮೆ 60,000. ನೋವು 50,000. ಕಳೆದ ಸುಖ 30,000. ಊಟ, ಓಡಾಟ 20,000. ರಾಡ್ ತೆಗೆಸಲು 25,000. ಮುಂದಿನ ಸಂಪಾದನೆ 4,05,000. ಒಟ್ಟು 7,28,400. ತೀರ್ಪಿನ ತನಕ ಹೋದರೆ ಅರ್ಜಿ ಹಾಕಿದ ದಿನದಿಂದ ಆರು ಪರ್ಸೆಂಟ್ ಬಡ್ಡಿ ಸೇರಬಹುದು, ಎಂಟು ಲಕ್ಷ ದಾಟಬಹುದು. ಆದರೆ ಇನ್ಶೂರೆನ್ಸಿನವರು 90 ದಿನದಲ್ಲಿ ಹೈಕೋರ್ಟಿಗೆ ಮೇಲ್ಮನವಿ ಹಾಕಿದರೆ ಇನ್ನೆಷ್ಟು ವರ್ಷವೋ. ಅದಾಲತ್‌ನಲ್ಲಿ ಒಪ್ಪಿದರೆ ಮೇಲ್ಮನವಿ ಇಲ್ಲ, ಅವರಿಗೂ ಇಲ್ಲ, ನಮಗೂ ಇಲ್ಲ. "ಎಷ್ಟಕ್ಕಿಂತ ಕೆಳಗೆ ನೀವು ಎದ್ದು ಬರುತ್ತೀರಿ, ಈಗಲೇ ಹೇಳಿ" ಅಂದರು. ಆರು ಅಂದೆ.

ಎದುರಿನವರು 4,20,000ದಿಂದ ಶುರು ಮಾಡಿದರು. ಅವರ ವಕೀಲರು "ಈಗ ಎಲ್ಲಾ ಮೋಟರ್ ಮಿಷನ್ ಅಲ್ವಾ ಮೇಡಂ, ತುಳಿಯುವವರು ಯಾರಿದ್ದಾರೆ?" ಅಂದರು. ಮೋಟರಿಗೂ ಪೆಡಲ್ ಇರುತ್ತದೆ ಸಾರ್, ಅದನ್ನೂ ಕಾಲಲ್ಲೇ ಒತ್ತಬೇಕು, ನಿಮ್ಮ ಕಾರಿನ ಹಾಗೆ ಅಂದೆ. ಕೂತಿದ್ದ ಜಡ್ಜು ಸಾಹೇಬರು ತಲೆ ಬಗ್ಗಿಸಿ ಏನೋ ಬರೆದುಕೊಂಡರು, ನಗುತ್ತಿದ್ದರು ಅಂತ ನನ್ನ ಅನುಮಾನ. ಐದು, ಐದೂವರೆ, ಆರು. ಆರಕ್ಕೆ ನಾನು ಒಪ್ಪುವವಳಿದ್ದೆ. ವಕೀಲರು ಮೇಜಿನ ಕೆಳಗೆ ಕೈ ಸನ್ನೆ ಮಾಡಿದರು, ತಾಳಿ ಅಂತ. 6,40,000ಕ್ಕೆ ನಿಂತಿತು. ಆ ಸನ್ನೆಯೇ ನಲವತ್ತು ಸಾವಿರ, ಅವರ ಫೀಸು ಅಲ್ಲಿಗೆ ವಸೂಲಾಯಿತು ಅಂತ ತಮ್ಮ ಹೇಳುತ್ತಾನೆ.

ಒಪ್ಪಿದ್ದು ಸರಿಯಾ? ಪೆನ್ಸಿಲ್ ಸಾಲು ನೆನಪಾದಾಗೆಲ್ಲಾ ಹೊಟ್ಟೆ ಚುರ್ ಅನ್ನುತ್ತದೆ. ಆದರೆ ಬಳೆ ಬ್ಯಾಂಕಿನಲ್ಲಿತ್ತು, ಬಡ್ಡಿ ನನ್ನ ಮೇಲೂ ಓಡುತ್ತಿತ್ತು. ಹಣ ಫೆಬ್ರವರಿ ಕೊನೆಗೆ ಖಾತೆಗೆ ಬಂತು. ಬಳೆ ಬಿಡಿಸಿದೆ. ಒಂದು ಮೋಟರ್ ಮಿಷನ್ ತಗೊಂಡೆ. ಪೆಡಲನ್ನು ಎಡಗಾಲಿಗೆ ಅಭ್ಯಾಸ ಮಾಡುತ್ತಿದ್ದೇನೆ, ಹೊಲಿಗೆ ಇನ್ನೂ ಸೊಟ್ಟಗೆ ಹೋಗುತ್ತದೆ.

ಅದೇ ಅದಾಲತ್‌ನ ಗೋಡೆಯ ಮೇಲೆ ಒಂದು ಪೋಸ್ಟರ್ ನೋಡಿದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. 1987ರ ಕಾನೂನು. ಪರಿಶಿಷ್ಟ ಜಾತಿ, ಪಂಗಡದವರಿಗೂ ಸಿಗುತ್ತದೆ. ಇದನ್ನು ಎರಡು ವರ್ಷ ಯಾರೂ ಹೇಳಲಿಲ್ಲ. ನಮ್ಮ ವಕೀಲರನ್ನು ಕೇಳಿದರೆ "ಹೌದು, ಇದೆ" ಅಂದರು, ಅಷ್ಟೇ. ತಾವೇ ಕೂತ ಕೊಂಬೆಯನ್ನು ಯಾರು ಕಡಿಯುತ್ತಾರೆ, ಬಿಡಿ.

ಹೋದ ತಿಂಗಳು ರಾಡ್ ತೆಗೆಸುವುದಕ್ಕೆ ಆಸ್ಪತ್ರೆಯಲ್ಲಿ ವಿಚಾರಿಸಿದೆ. 42,000 ಅಂದರು. ಹಾಳೆಯಲ್ಲಿ ಬರೆದದ್ದು 25,000. ವಕೀಲರಿಗೆ ಫೋನ್ ಮಾಡಿದೆ, ಮೇಲಿನ 17,000 ಕೇಳುವುದಕ್ಕೆ ಆಗುತ್ತದಾ ಅಂತ. ಇಲ್ಲ ಅಮ್ಮಾ, ಎಲ್ಲಾ ಸೇರಿಸಿ ಮುಗಿಸಿಕೊಂಡಿದ್ದೇವೆ, ಇನ್ನು ಒಂದು ರೂಪಾಯಿಯೂ ಕೇಳುವ ಹಾಗಿಲ್ಲ ಅಂದರು. ಆವತ್ತು ಮಾತ್ರ ಒಂದೇ ರಿಂಗಿಗೆ ಎತ್ತಿದ್ದರು.